ಕೌದಿಯ ಹೊಟ್ಟೆಯೊಳಗಿನ ಜೋಳ

೧೯೭೮ರಲ್ಲಿ ನಾನು ಶಾಲೆ ಬಿಟ್ಟೆ. ಏಳನೆಯ ಇಯತ್ತೆ, ಅದೂ ಅರ್ಧಕ್ಕೆ. ಬಿಡಿಸಿದವರು ಯಾರೂ ಅಲ್ಲ, ನಾನೇ ಬಿಟ್ಟೆ. ಇಂಗ್ಲಿಷ್ ಮಾಸ್ತರರು ಇಡೀ ವರ್ಗದ ಎದುರಿಗೆ "ನಿನ್ನ ತಲಿಯಾಗ ಜೋಳದ ಹಿಟ್ಟು ಅದ" ಅಂದರು. ಮರುದಿನ ನಾನು ಹೋಗಲಿಲ್ಲ. ಇಂಡಿ ತಾಲೂಕಿನ ನಮ್ಮೂರಿಂದ ಪುಣೆಗೆ ಬಂದಿದ್ದ ಸೋದರಮಾವ ಯೆರವಡಾದಲ್ಲಿ ಒಂದು ಖೋಲಿ ಹಿಡಿದಿದ್ದ. ಅವ್ವ ಒಂದು ಕೌದಿ ಮಡಚಿ, ಹಗ್ಗ ಬಿಗಿದು, ಹೆಗಲಿಗೆ ಹಾಕಿ ಬಸ್ಸು ಹತ್ತಿಸಿದಳು. ಮುಂದೆ ಅದೇ ಇಂಗ್ಲಿಷಿನ ಕಾಗದ ಕೈಯಲ್ಲಿ ಹಿಡಿದು ಎಷ್ಟೋ ದೇಶಗಳ ಕಸ್ಟಮ್ಸ್ ಬಾಗಿಲು ದಾಟಿ ಬಂದೆ. ಮಾಸ್ತರರು ಬದುಕಿದ್ದರೆ ಹೋಗಿ ಹೇಳುತ್ತಿದ್ದೆ.

ಈಗ ಪುಣೆಯಲ್ಲಿ ಕೈಕೆಲಸದ ಸಾಮಾನು ಪರದೇಶಕ್ಕೆ ಒಯ್ದು ಮಾರುವ ಹುಡುಗ ಹುಡುಗಿಯರು ಭಾಳ ಮಂದಿ ಆಗಿದ್ದಾರೆ. ಹಿಂಜವಾಡಿಯ ಕಂಪ್ಯೂಟರ್ ಕಂಪನಿಗಳ ನೌಕರಿ ಬಿಟ್ಟು ಇದಕ್ಕೆ ಇಳಿದವರೂ ಇದ್ದಾರೆ. ಯಾರೋ ನನ್ನ ಹೆಸರು ಹೇಳಿ ಕಳಿಸುತ್ತಾರೆ. ಬಂದು ಕೇಳುತ್ತಾರೆ: ಕಾಕಾ, ಡ್ಯೂಟಿ ಎಷ್ಟು? ಕೋಡ್ ನಂಬರ್ ಯಾವುದು? ಅದೆಲ್ಲ ನಿಮ್ಮ ಫೋನಿನಲ್ಲೇ ಸಿಗುತ್ತದೆ, ತಮ್ಮಾ. ಸಿಗದೇ ಇರುವುದನ್ನು ಇಲ್ಲಿ ಬರೆದಿಡುತ್ತೇನೆ. ಓದಿದ ಮೇಲೆ ಈ ಧಂದೆ ಬೇಡ ಅನ್ನಿಸಿದರೆ ನನ್ನ ಮೇಲೆ ಸಿಟ್ಟಾಗಬೇಡಿರಿ.

ನಾನು ಸೇರಿದ್ದು ಪುಣೆಯ ಕ್ಯಾಂಪ್ ಭಾಗದ ಒಂದು ಅಂಗಡಿಗೆ, ಗಂಟು ಕಟ್ಟುವ ಕೆಲಸಕ್ಕೆ. ಮಾಲಕರು ನಮ್ಮ ಕಡೆಯವರೇ, ಸಾಹುಕಾರರು ಅಂತ ಎಲ್ಲರೂ ಕರೆಯುತ್ತಿದ್ದರು. ಹಿತ್ತಾಳೆ ದೀಪ, ಕಟ್ಟಿಗೆಯ ಗೊಂಬೆ, ಕೌದಿ ಪರದೇಶಕ್ಕೆ ಕಳಿಸುತ್ತಿದ್ದರು. ಮೊದಲ ಹತ್ತು ವರ್ಷ ನಾನು ಬರೀ ಕಟ್ಟಿದೆ. ದೀಪದ ಕುತ್ತಿಗೆ ಮುರಿಯದ ಹಾಗೆ ಹುಲ್ಲು ತುಂಬುವುದು, ಕೌದಿಗೆ ನುಸಿ ಬೀಳದಂತೆ ಬೇವಿನ ಎಲೆ ಇಡುವುದು. ಆ ಬೇವಿನ ಎಲೆಯನ್ನೂ ಆಮೇಲೆ ಕಸ್ಟಮ್ಸಿನವರು ಬಿಡಿಸಿದರು. ಎಲೆ ಅಂದರೆ ಗಿಡ, ಗಿಡ ಅಂದರೆ ರೋಗ, ಅಂತ ಅವರ ಲೆಕ್ಕ. ಅಲ್ಲಿಗೇ ನನಗೆ ಬುದ್ಧಿ ಬರಬೇಕಿತ್ತು.

ಮೊದಲ ಸಲ ವಿಮಾನ ಹತ್ತಿದ್ದು ಜರ್ಮನಿಗೆ. ಪ್ರದರ್ಶನವೊಂದಿತ್ತು. ಪೆಟ್ಟಿಗೆ ಎತ್ತಲು ಒಬ್ಬ ಬೇಕು ಅಂತ ಸಾಹುಕಾರರು ನನ್ನನ್ನು ಕರೆದುಕೊಂಡು ಹೋದರು. ಮಾಲಿನ ಜೊತೆಗೆ ಕಾರ್ನೆಟ್ ಅನ್ನುವ ಒಂದು ಪುಸ್ತಕ ಇತ್ತು. ತೋರಿಸಲು ಮಾತ್ರ ತಂದಿದ್ದೇವೆ, ತಂದದ್ದೆಲ್ಲ ತಿರುಗಿ ಒಯ್ಯುತ್ತೇವೆ ಅಂತ ಕೊಟ್ಟ ಮಾತು ಅದು. ಅದಿದ್ದರೆ ಡ್ಯೂಟಿ ಕೇಳುವುದಿಲ್ಲ. ಆದರೆ ಅದರಲ್ಲಿ ಬರೆಸಿದ ಒಂದು ಮೊಳೆಯನ್ನೂ ಅಲ್ಲಿ ಮಾರಕೂಡದು. ಕೊನೆಯ ದಿನ ಒಬ್ಬಾಕೆ ದೀಪಗಳನ್ನು ಕೇಳಿದಳು. ಸಾಹುಕಾರರ ಕಣ್ಣು ಅರಳಿತು.

"ಸಾಹುಕಾರ್ರ, ಇವು ಪುಸ್ತಕದಾಗ ಅದಾವ್ರಿ" ಅಂದೆ.

"ನೀ ಪೆಟ್ಟಿಗಿ ಕಟ್ಟೋ. ವ್ಯಾಪಾರ ನಾ ಮಾಡ್ತೀನಿ" ಅಂದರು.

ಹೊರಡುವಾಗ ಅಧಿಕಾರಿ ಪುಸ್ತಕ ಹಿಡಿದು ಒಂದೊಂದೇ ಸಾಮಾನು ತಾಳೆ ನೋಡಿದ. ದೀಪ ಕಡಿಮೆ. ಸಾಹುಕಾರರು ಬೆರಳು ಮಾಡಿ ತೋರಿಸಿದ್ದು ನನ್ನ ಕಡೆಗೆ. ಕಟ್ಟುವವನು ಇವನೇ, ಎಲ್ಲೋ ಬಿಟ್ಟು ಬಂದಿದ್ದಾನೆ ಅಂದರು. ಆ ತಣ್ಣನೆಯ ನೆಲದ ಮೇಲೆ ಎಲ್ಲ ಪೆಟ್ಟಿಗೆ ನಾನೇ ಬಿಚ್ಚಿದೆ, ಇಲ್ಲದ ದೀಪ ಹುಡುಕಿದೆ, ಮತ್ತೆ ಕಟ್ಟಿದೆ. ಡ್ಯೂಟಿಯೂ ಆಯಿತು, ದಂಡವೂ ಆಯಿತು. ವಿಮಾನದಲ್ಲಿ ಸಾಹುಕಾರರು ತಮ್ಮ ತಟ್ಟೆಯ ಸಿಹಿಯನ್ನು ನನ್ನ ಕಡೆ ಸರಿಸಿದರು.

"ಮನಸಿಗೆ ಹಚ್ಕೋಬ್ಯಾಡ. ಇಂಥಾ ಹೊತ್ತಿನಾಗ ಯಾರರ ಒಬ್ಬರು ಮಬ್ಬ ಆಗಬೇಕಾಗ್ತದ."

ಸಿಹಿ ತಿನ್ನಲಿಲ್ಲ. ಪುಣೆಗೆ ಬಂದ ಮೇಲೆ ಕಾಗದ ಓದುವುದು ಕಲಿತೆ. ಇನ್ನೊಮ್ಮೆ ಯಾರೂ ನನ್ನನ್ನು ಮಬ್ಬ ಮಾಡಬಾರದು ಅಂತ. ಅಕ್ಷರ ಅಕ್ಷರ ಕೂಡಿಸಿ, ಯಾವ ಚೌಕದಲ್ಲಿ ಏನು ಬರೆಯಬೇಕು, ಯಾವ ಠಸೆ ಎಲ್ಲಿ ಬೀಳಬೇಕು, ಎಲ್ಲ. ಆಮೇಲೆ ಅಂಗಡಿಯ ಕಸ್ಟಮ್ಸ್ ಕಾಗದಗಳೆಲ್ಲ ನನ್ನ ಸಹಿಯಿಂದಲೇ ಹೋಗತೊಡಗಿದವು. ಸಹಿ ಇಂಗ್ಲಿಷಿನಲ್ಲಿ ಮಾಡುತ್ತಿದ್ದೆ.

ಇನ್ನು ಸಾವಂತ್ರವ್ವನ ಮಾತು ಬರೆಯಬೇಕು. ನಮ್ಮ ಕೌದಿಗಳೆಲ್ಲ ಯೆರವಡಾದ ನಮ್ಮ ಓಣಿಯಲ್ಲೇ ತಯಾರಾಗುತ್ತಿದ್ದವು. ನಮ್ಮ ಸೀಮೆಯಿಂದ ಬಂದ ಹೆಣ್ಣುಮಕ್ಕಳು ಮಧ್ಯಾಹ್ನ ಗಂಡಸರು ಕೆಲಸಕ್ಕೆ ಹೋದ ಮೇಲೆ ಓಣಿಯಲ್ಲೇ ಹಾಸಿಕೊಂಡು ಕೂತು ಹೊಲಿಯುತ್ತಿದ್ದರು. ಅವರಿಗೆಲ್ಲ ಹಿರಿಯಳು ಸಾವಂತ್ರವ್ವ. ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ನಾನು ಅಕ್ಕ ಅನ್ನುತ್ತಿದ್ದೆ. ಅವಳ ಹೊಲಿಗೆ ಇರುವೆಯ ಸಾಲಿನ ಹಾಗೆ. ಪರದೇಶದಿಂದ ತಿರುಗಿ ಬಂದಾಗಲೆಲ್ಲ ಅವಳದು ಒಂದೇ ಪ್ರಶ್ನೆ.

"ಏನಪಾ ಗುರಪ್ಪಾ, ನನ್ನ ಕೌದಿ ಯಾರ ಮೈಮ್ಯಾಗ ಬಿತ್ತು?"

ಕೂಲಿ ಮೊದಲೇ ಕೈಗೆ ಬಂದಿರುತ್ತಿತ್ತು. ಆದರೂ ಇದನ್ನು ಕೇಳದೆ ಬಿಡುತ್ತಿರಲಿಲ್ಲ. ನಾನೂ ನೆನಪಿಟ್ಟುಕೊಂಡು ಬಂದು ಹೇಳುತ್ತಿದ್ದೆ. ಒಬ್ಬ ಮುದುಕಿ ಕೊಂಡಳು, ಒಬ್ಬ ಡಾಕ್ಟರ ಕೊಂಡ, ಹೊಸದಾಗಿ ಮದುವೆಯಾದವರು ಕೊಂಡರು. ಒಮ್ಮೆ, ಒಬ್ಬರು ಕೊಂಡು ಹೋಗಿ ಗೋಡೆಗೆ ನೇತು ಹಾಕುತ್ತಾರಂತೆ ಅಂದುಬಿಟ್ಟೆ.

"ಗ್ವಾಡಿಗೆ ಚಳಿ ಆಗ್ತದೇನು?" ಅಂದಳು. ಓಣಿಯ ಹೆಂಗಸರೆಲ್ಲ ನಕ್ಕರು. ಅವಳು ನಗಲಿಲ್ಲ. "ಮುಂದಿನ ಸರ್ತಿ ಕೇಳಿ ಕೊಡು. ಹೊದ್ದಕೊಳ್ಳೋರಿಗೆ ಅಷ್ಟ ಕೊಡು."

ಕೌದಿಯ ಮೊದಲ ತಂಟೆ ಬಂದದ್ದು 'ಹಳೆ' ಅನ್ನುವ ಮಾತಿನಿಂದ. ಕೌದಿ ಹೊಲಿಯುವುದು ಹಳೆಯ ಸೀರೆ, ಧೋತರಗಳಿಂದ. ನಾನು ಕಾಗದದಲ್ಲಿ ಇದ್ದದ್ದನ್ನೇ ಬರೆದೆ: ಹಳೆಯ ಬಟ್ಟೆಯಿಂದ ಕೈಯಲ್ಲಿ ಹೊಲಿದದ್ದು. ಮಾಲು ಇಳಿದ ದೇಶದ ಬಂದರಿನಲ್ಲಿ ಹಿಡಿದು ನಿಲ್ಲಿಸಿದರು. ಹಳೆ ಬಟ್ಟೆ ಅಂದರೆ ಉಟ್ಟು ಬಿಟ್ಟ ಚಿಂದಿ, ಚಿಂದಿಗೆ ಬೇರೆ ಕಾನೂನು, ಹುಳ ಸಾಯಲು ಹೊಗೆ ಹಾಕಿಸಿದ ಸರ್ಟಿಫಿಕೇಟು ಎಲ್ಲಿ ಅಂದರು. ಮುಂಬಯಿಯಲ್ಲಿ ನಮ್ಮ ಕಾಗದ ನೋಡುವ ಮರಾಠಿ ಏಜೆಂಟನೊಬ್ಬನಿದ್ದ. ತಲೆ ಹಿಡಿದುಕೊಂಡ.

"ಗುರಪ್ಪಾ, ಖರಂ ಲಿಹಾಯ್ಚಂ. ಪಣ ಸಗಳಂ ಖರಂ ನಾಹೀ ಲಿಹಾಯ್ಚಂ."

ನಿಜ ಬರೀಬೇಕು, ಆದರೆ ಎಲ್ಲಾ ನಿಜ ಬರೀಬಾರದು ಅಂತ. ಹುಡುಗರೇ, ಈ ಮಾತನ್ನು ನಿಮಗೂ ಯಾರಾದರೂ ಹೇಳಿಯೇ ಹೇಳುತ್ತಾರೆ. ನಂಬಬೇಡಿರಿ. ಹಳೆ ಅನ್ನುವುದಿದ್ದರೆ ಹಳೆ ಅಂತಲೇ ಬರೆಯಿರಿ, ಒಗೆಸಿರಿ, ಹೊಗೆ ಹಾಕಿಸಿರಿ, ಸರ್ಟಿಫಿಕೇಟು ಜೊತೆಗೆ ಇಡಿರಿ. ಸ್ವಲ್ಪ ಖರ್ಚು, ಆದರೆ ಮಾಲು ಉಳಿಯುತ್ತದೆ. ನಾನು ಹಾಗೆಯೇ ಮಾಡುತ್ತ ಬಂದೆ.

ಆ ಹೊತ್ತಿಗೆ ಸಾಹುಕಾರರಿಗೆ ವಯಸ್ಸಾಗಿ ಅಂಗಡಿ ಸೊಸೆಯ ಕೈಗೆ ಬಂದಿತ್ತು. ಬೆಂಗಳೂರಿನ ಹುಡುಗಿ, ಓದಿದವಳು. ನಾವು ಮೇಡಂ ಅನ್ನುತ್ತಿದ್ದೆವು. ಹಳೆ ಬಟ್ಟೆಯ ತಂಟೆಯೇ ಬೇಡ ಅಂತ ಅವರು ಹೊಸ ಕಾಟನ್ ಬಟ್ಟೆಯ ಥಾನು ತರಿಸಿ, ಕಲ್ಲಿಗೆ ಹಾಕಿ ಒಗೆಸಿ, ಬಣ್ಣ ಬಿಡಿಸಿ, ಹಳೆಯದರ ಹಾಗೆ ಕಾಣುವಂತೆ ಮಾಡಿಸಿದರು. ಆ ಬಟ್ಟೆ ಓಣಿಗೆ ಒಯ್ದೆ. ಸಾವಂತ್ರವ್ವ ಗಲ್ಲಕ್ಕೆ ಒತ್ತಿ ನೋಡಿದಳು.

"ಈ ಅರಿಬಿಗೆ ಮೈ ಗೊತ್ತಿಲ್ಲಪಾ" ಅಂದಳು. ಆದರೂ ಹೊಲಿದಳು. ನನ್ನ ಮಾತಿಗೆ.

ಇನ್ನು ಇದನ್ನೆಲ್ಲ ಬರೆಯಲು ಹಚ್ಚಿದ ಸಂಗತಿ. ಆಸ್ಟ್ರೇಲಿಯಾದಲ್ಲಿ ಒಂದು ದೊಡ್ಡ ಮಾರಾಟ ಮೇಳ. ಓಣಿಯವರೆಲ್ಲ ಸೇರಿ ಮಳೆಗಾಲದಿಂದ ಚಳಿಗಾಲದವರೆಗೆ ಹೊಲಿದ ಕೌದಿಗಳು ವಿಮಾನದ ಸರಕಿನಲ್ಲಿ ಹೋದವು, ಬಿಡಿಸಿಕೊಳ್ಳಲು ಹಿಂದೆಯೇ ನಾನು ಹೋದೆ. ಎಲ್ಲ ಕಾಗದ ಚೊಕ್ಕ ಇದ್ದವು. ಅಲ್ಲಿಯ ಫಾರ್ಮಿನಲ್ಲಿ ನಾನು ಅಲ್ಲಿಯವರೆಗೆ ಕಂಡಿರದ ಒಂದು ಪ್ರಶ್ನೆ: ಮಾಲಿನೊಳಗೆ ಬೀಜ, ಕಾಳು, ತಿನ್ನುವ ಪದಾರ್ಥ ಏನಾದರೂ ಇದೆಯೇ? ನಾನು ಇಲ್ಲ ಅಂತ ಗುರುತು ಹಾಕಿದೆ.

ನಮ್ಮಲ್ಲಿ ಕೌದಿ ಮುಗಿಯುವಾಗ, ಕೊನೆಯ ಮೂಲೆ ಮುಚ್ಚುವ ಮುಂಚೆ, ಒಂದು ಚಿಟಿಕೆ ಜೋಳ ಒಳಗೆ ಹಾಕಿ ಹೊಲಿಯುತ್ತಾರೆ. ಕೌದಿಯ ಹೊಟ್ಟೆ ಖಾಲಿ ಇರಬಾರದು. ಹಸಿದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದೆ ಅಂತ ಮಾತು. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹುಟ್ಟಿದಾಗಿಂದ ನೋಡಿದ್ದೇನೆ. ಆದರೆ ಆ ಫಾರ್ಮಿನ ಮುಂದೆ ನಿಂತಾಗ, ಏಜೆಂಟ ಹೇಳಿದ ಹಾಗೆ ಏನನ್ನೂ ಮುಚ್ಚಿಡಬೇಕು ಅಂತ ನನ್ನ ಮನಸ್ಸಿನಲ್ಲಿ ಇರಲಿಲ್ಲ. ಅದು ಕಾಳು ಅಂತ ನನಗೆ ಹೊಳೆಯಲೇ ಇಲ್ಲ. ಚೀಲದಲ್ಲಿದ್ದರೆ ಕಾಳು. ಕೌದಿಯಲ್ಲಿದ್ದರೆ ಅದು ಕೌದಿಯ ಊಟ.

ಯಂತ್ರದೊಳಗಿಂದ ಹಾಯಿಸಿದಾಗ ಮೂಲೆಯಲ್ಲಿ ಚುಕ್ಕೆ ಚುಕ್ಕೆ ಕಂಡಿತಂತೆ. ನನ್ನನ್ನು ಒಳಗೆ ಕರೆದರು. ಕೈಗವಸು ಹಾಕಿದ ಹೆಣ್ಣುಮಗಳೊಬ್ಬಳು ಬ್ಲೇಡಿನಿಂದ ಮೂಲೆ ಸೀಳಿದಳು. ಬಿಳಿ ಮೇಜಿನ ಮೇಲೆ ಜೋಳ ಉದುರಿತು. ಪಕ್ಕದಲ್ಲಿದ್ದ ಅಧಿಕಾರಿ ಪಂಜಾಬಿನ ಕಡೆಯ ಹುಡುಗ, ಹಿಂದಿ ಬರುತ್ತಿತ್ತು.

"ಚಾಚಾ, ಇದೇನು?"

"ಜೋಳ."

"ಯಾಕೆ ಇಟ್ಟಿದ್ದೀರಿ?"

"ಊಟಕ್ಕೆ."

"ಯಾರ ಊಟಕ್ಕೆ?"

"ಕೌದಿಯ ಊಟಕ್ಕೆ."

ಅವನು ಆ ಹೆಣ್ಣುಮಗಳಿಗೆ ಇಂಗ್ಲಿಷಿನಲ್ಲಿ ಹೇಳಿದ. ಇಬ್ಬರೂ ನಗಲಿಲ್ಲ. ಅದಕ್ಕೆ ನಾನು ಇವತ್ತಿಗೂ ಅವರನ್ನು ಮೆಚ್ಚುತ್ತೇನೆ. "ಚಾಚಾ, ನಮ್ಮ ನಾನಿಯೂ ಇಂಥದೇ ಏನೇನೋ ಮಾಡುತ್ತಿದ್ದಳು" ಅಂದ ಹುಡುಗ. "ಆದರೆ ಇಲ್ಲಿ ಒಂದು ಕಾಳಿನ ಹುಳ ಇಡೀ ದೇಶದ ಹೊಲ ಹಾಳು ಮಾಡಬಹುದು. ನೀವು ಇಲ್ಲ ಅಂತ ಬೇರೆ ಬರೆದಿದ್ದೀರಿ." ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಹೊಲ ಉಳಿಸಿಕೊಳ್ಳುವವರ ಮೇಲೆ ಹೊಲದ ಸೀಮೆಯವನು ಹೇಗೆ ಸಿಟ್ಟಾಗಲಿ?

ದಾರಿ ಮೂರು ಇದ್ದವು. ಮಾಲು ತಿರುಗಿ ಊರಿಗೆ ಕಳಿಸುವುದು, ಅಲ್ಲಿಯೇ ಕಿರಣ ಹಾಯಿಸಿ ಶುದ್ಧ ಮಾಡಿಸುವುದು, ಇಲ್ಲವೇ ಸುಡಿಸುವುದು. ಖರ್ಚು ಮಾಲಿನವರದು. ನಾನು ನಾಲ್ಕನೆಯದು ಕೇಳಿದೆ. ನಿಮ್ಮ ಕಣ್ಣೆದುರಿಗೇ ಕೂತು ಒಂದೊಂದೇ ಮೂಲೆ ಬಿಚ್ಚಿ, ಕಾಳು ನಿಮ್ಮ ಡಬ್ಬಿಯೊಳಗೆ ಸುರುವಿ, ಮತ್ತೆ ಹೊಲಿದು ಕೊಡುತ್ತೇನೆ, ನನಗೆ ಸೂಜಿ ಹಿಡಿಯಲು ಬರುತ್ತದೆ ಅಂದೆ. ಹುಡುಗ ಒಳಗೆ ಹೋಗಿ ಕೇಳಿ ಬಂದ. ಆಗಬಹುದು, ಒಬ್ಬರು ಕಾವಲಿಗೆ ನಿಲ್ಲಬೇಕು, ಅದಕ್ಕೆ ತಾಸಿನ ಲೆಕ್ಕದಲ್ಲಿ ಫೀ ಬೀಳುತ್ತದೆ, ನಿಮ್ಮ ಮಾಲಕರನ್ನು ಕೇಳಿರಿ ಅಂದ. ಎದೆ ಹಗುರಾಯಿತು. ಫೋನು ಹಚ್ಚಿದೆ.

"ಎಷ್ಟು ಟೈಮ್ ಆಗುತ್ತೆ?" ಅಂದರು ಮೇಡಂ.

"ನಾಲ್ಕೈದು ದಿನ ಆಗ್ತದ್ರಿ ಮೇಡಂ. ಮೇಳ ಅರ್ಧ ಸಿಗ್ತದ."

"ಅರ್ಧ ಮೇಳಕ್ಕೆ ಅಷ್ಟೊಂದು ಫೀ ಯಾರು ಕಟ್ತಾರೆ? ಯಾವುದು ಚೀಪ್ ಅದನ್ನ ಮಾಡಿ."

"ಸುಡೋದು ಚೀಪ್ ಅದರಿ. ಆದ್ರ ಓಣಿಯವರು ಆರು ತಿಂಗಳು ಕುಂತು ಹೊಲದಾರ್ರಿ."

"ಅವರಿಗೆ ಪೇಮೆಂಟ್ ಆಗಿದೆಯಲ್ಲ ಗುರಪ್ಪ? ಮತ್ತೇನು ಪ್ರಾಬ್ಲಮ್? ಪ್ಲೀಸ್, ಡ್ರಾಮಾ ಬೇಡ. ಡಿಸ್ಟ್ರಾಯ್ ಅಂತ ಟಿಕ್ ಮಾಡಿ ಸೈನ್ ಹಾಕಿ ಬನ್ನಿ."

ನಾನು ಸಹಿ ಹಾಕಿದೆ. ಇಂಗ್ಲಿಷಿನಲ್ಲಿ, ಚೆಂದಾಗಿ. ಆ ಪಂಜಾಬಿ ಹುಡುಗ ಕಾಗದ ತೆಗೆದುಕೊಳ್ಳುವ ಮೊದಲು ಎರಡು ಸಲ ಕೇಳಿದ, "ಚಾಚಾ, ಖಾತ್ರಿಯಾ?" ಅಂತ. ಖಾತ್ರಿ ಅಂದೆ. ಮಾಲಕರು ಖಾತ್ರಿ ಇದ್ದರೆ ಆಳಿನದೇನು?

ಓಣಿಗೆ ಬಂದಾಗ ಸಾವಂತ್ರವ್ವ ಬಾಗಿಲಲ್ಲೇ ಕೂತಿದ್ದಳು. ಯಾರೂ ಮೊದಲೇ ಹೇಳಿರಲಿಲ್ಲ.

"ಯಾರ ಮೈಮ್ಯಾಗ ಬಿತ್ತೋ ಗುರಪ್ಪಾ?"

"ಸುಟ್ರು ಅಕ್ಕಾ. ಹೊಟ್ಟ್ಯಾಗ ಕಾಳ ಇತ್ತಂತ."

ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ಪೋಣಿಸಿ ಮುಗಿಸಿದಳು. "ಉಂಡಿದ್ವು ಬಿಡು. ಹಸದು ಸಾಯಲಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಜರ್ಮನಿಯ ನೆಲದ ಮೇಲೆ ಪೆಟ್ಟಿಗೆ ಬಿಚ್ಚಿದಾಗಲೂ ಅಷ್ಟು ಸಣ್ಣವನಾಗಿರಲಿಲ್ಲ.

ಮೇಡಂ ಹೊಸ ಹುಕುಂ ಹೊರಡಿಸಿದರು. ಇನ್ನು ಮುಂದೆ ಕಾಳು ಇಲ್ಲ. ಓಣಿಯ ಉಳಿದ ಹೆಂಗಸರು ಹೂಂ ಅಂದರು, ಹೊಟ್ಟೆಪಾಡು. ಸಾವಂತ್ರವ್ವ ಒಬ್ಬಳೇ ಖಾಲಿ ಹೊಟ್ಟೆ ಮುಚ್ಚುವುದಿಲ್ಲ ಅಂದಳು. ಅವಳು ಬಿಟ್ಟರೆ ಓಣಿಯ ಹೊಲಿಗೆಯೇ ಬಿಟ್ಟ ಹಾಗೆ ಅಂತ ನನಗೆ ಗೊತ್ತಿತ್ತು. ಜೋಳದ ಬದಲು ಏನು ಹಾಕಬಹುದು ಅಂತ ಮುಂಬಯಿ ಏಜೆಂಟನ ಹತ್ತಿರ ಕೂತು ಯಾವ ದೇಶ ಏನು ಬಿಡುತ್ತದೆ, ಏನು ಬಿಡುವುದಿಲ್ಲ, ಎಲ್ಲ ಕೆದಕಿದೆ. ಹುರಿದ ಜೋಳಕ್ಕೆ ಸಾವಿರ ಪ್ರಶ್ನೆ. ಅನ್ನದ ಅಗುಳು ಬೇಡ. ಹೋಳಿಗೆಯ ಚೂರು ಬೇಡವೇ ಬೇಡ. ದೇವರ ಮುಂದಿನ ಭಸ್ಮ ಅಂದರೆ ಅದೇನು ಪುಡಿ ಅಂತ ಕೇಳುತ್ತಾರೆ. ಮಣ್ಣು ಅಂದರೆ ಜೈಲು. ಕೊನೆಗೆ ಒಂದು ಸಿಕ್ಕಿತು. ಉಪ್ಪು. ಉಪ್ಪಿಗೆ ಹುಳ ಇಲ್ಲ, ಬೇರಿಲ್ಲ, ಫಾರ್ಮಿನಲ್ಲಿ ಬರೆದು ತೋರಿಸಿದರೆ ಯಾರೂ ತಡೆಯುವುದಿಲ್ಲ. ದೊಡ್ಡ ಕೆಲಸ ಮಾಡಿದೆ ಅಂತ ಹಿಗ್ಗಿ, ಹರಳುಪ್ಪಿನ ಪುಡಿಕೆ ಹಿಡಿದು ಓಣಿಗೆ ಓಡಿದೆ.

"ಅಕ್ಕಾ, ಉಪ್ಪ ನಡೀತದ. ಉಪ್ಪಿಗೆ ಯಾರೂ ಏನೂ ಅನ್ನಂಗಿಲ್ಲ."

ಅವಳು ಪುಡಿಕೆ ಬಿಚ್ಚಿದಳು. ಒಂದು ಹರಳು ನಾಲಿಗೆಯ ಮೇಲಿಟ್ಟುಕೊಂಡಳು.

"ಹಸದು ಬಂದಾವಗ ಬರೀ ಉಪ್ಪ ನೀಡತಾರೇನೋ? ನಿಮ್ಮವ್ವ ನಿನಗ ಹಂಗ ನೀಡಿದ್ಳೇನು?"

ಪುಡಿಕೆ ಕಟ್ಟಿ ನನ್ನ ಕೈಗೆ ಕೊಟ್ಟಳು. ಅವತ್ತೇ ಸೂಜಿ ಬಿಟ್ಟಳು. ಈಗ ಹಿಂಜವಾಡಿಯ ಒಂದು ಕಂಪನಿಯ ಮೆಸ್ಸಿನಲ್ಲಿ ಚಪಾತಿ ಲಟ್ಟಿಸುತ್ತಾಳೆ. ಬೆಳಿಗ್ಗೆ ಕಂಪನಿಯ ಗಾಡಿ ಬಂದು ಒಯ್ಯುತ್ತದೆ. ಕೇಳಿದರೆ ಹೇಳುತ್ತಾಳೆ, "ಇಲ್ಲಿ ಯಾರ ಉಣ್ತಾರ ಅನ್ನೋದು ಕಣ್ಣಿಗೆ ಕಾಣ್ತದಪಾ" ಅಂತ.

ಓಣಿಯ ಉಳಿದವರೂ ಒಂದೆರಡು ವರ್ಷದಲ್ಲಿ ಬಿಟ್ಟರು. ಮೇಡಂ ಪುಣೆಯ ಹೊರಗೆ ಭೋರ್ ರಸ್ತೆಗೆ ಒಂದು ಶೆಡ್ಡು ಹಿಡಿದು ಮಷಿನ್ ಹಾಕಿಸಿದರು. ಹೊಲಿಗೆ ಸ್ವಲ್ಪ ಸೊಟ್ಟ ಬೀಳುವ ಹಾಗೆ ಮಷಿನ್ನಿಗೇ ಕಲಿಸಿದರು, ಕೈಹೊಲಿಗೆಯಂತೆ ಕಾಣಲಿ ಅಂತ. ಮೇಲೆ ಒಂದು ಕಾರ್ಡು ನೇತು ಹಾಕಿದರು. ಅದರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ್ದು ಏನು ಗೊತ್ತೇ? ಕೌದಿಗೆ ಹಸಿವಾಗಬಾರದೆಂದು ನಮ್ಮ ತಾಯಂದಿರು ಹೊಟ್ಟೆಯಲ್ಲಿ ಕಾಳು ಇಡುತ್ತಾರೆ, ಅಂತ. ಆಸ್ಟ್ರೇಲಿಯಾದ ಆ ಬಿಳಿ ಮೇಜಿನ ಮುಂದೆ ನಿಂತು ನಾನು ಹೇಳಿದ ಮಾತು, ನಾನು ತಿರುಗಿ ಬಂದು ಮೇಡಂಗೆ ಒಪ್ಪಿಸಿದ ಮಾತು, ಈಗ ಕಾರ್ಡಿನ ಮೇಲೆ.

"ಮೇಡಂ, ಕಾಳು ಇಲ್ಲಲ್ಲರಿ ಒಳಗ" ಅಂದೆ.

"ಕಾಳು ಇದ್ರೆ ಕಸ್ಟಮ್ಸ್ ಬಿಡಲ್ಲ. ಕತೆ ಇಲ್ದಿದ್ರೆ ಕಸ್ಟಮರ್ ಬಿಡಲ್ಲ. ನಿಮಗೆ ಇಷ್ಟು ವರ್ಷ ಆದ್ರೂ ಬಿಸಿನೆಸ್ ಅರ್ಥ ಆಗ್ಲಿಲ್ವಾ ಗುರಪ್ಪ?"

ಆ ಮಾಲಿನ ಕಾಗದಕ್ಕೆ ಕೈಕೆಲಸದ್ದು ಅಂತ ಬರೆಯಲು ನಾನು ಒಪ್ಪಲಿಲ್ಲ. ಕೈಕೆಲಸ ಅಂತ ಬರೆದರೆ ಕೆಲವು ದೇಶಗಳಲ್ಲಿ ಡ್ಯೂಟಿ ಇಳಿಯುತ್ತದೆ, ಅದಕ್ಕೇ ಬೇಕಾಗಿತ್ತು ಅವರಿಗೆ. ನಾನು ಬರೆಯದಿದ್ದರೆ ಏನಾಯಿತು? ಈಗ ಕಂಪ್ಯೂಟರ್ ಬಂದಿದೆ, ಎಲ್ಲ ಆನ್‌ಲೈನು. ಠಸೆಯೂ ಬೇಡ, ಗುರಪ್ಪನ ಸಹಿಯೂ ಬೇಡ. ಇನ್ಯಾರೋ ಕೂತು ಒಂದು ಗುಂಡಿ ಒತ್ತಿದರು, ಮಾಲು ಹೋಯಿತು. ಎಲ್ಲಿಯೂ ಯಾರೂ ತಡೆಯಲಿಲ್ಲ. ನಾನು ನಿಜ ಬರೆದಾಗ ಹಿಡಿದು ನಿಲ್ಲಿಸಿದ್ದರು. ಇದು ಗಾಳಿಯ ಹಾಗೆ ದಾಟಿತು. ಈ ಧಂದೆಗೆ ಬರುವ ಹುಡುಗರು ಇದನ್ನು ನೆನಪಿಡಬೇಕು ಅಂತ ಬರೆದಿದ್ದೇನೆ, ಕಲಿಯಬೇಕು ಅಂತ ಅಲ್ಲ.

ನಿವೃತ್ತಿಯ ದಿನ ಹಾರ ಹಾಕಿದರು, ಸಮೋಸಾ ಕೊಟ್ಟರು, ಮೇಡಂ ಭಾಷಣ ಮಾಡಿದರು. ಕಾರ್ಡು ಸಮೇತ ಒಂದು ಕೌದಿಯನ್ನು ನನ್ನ ಹೆಗಲಿಗೆ ಹೊದಿಸಿದರು. ಮನೆಗೆ ಬರುವಾಗ ರಿಕ್ಷಾದಲ್ಲಿ ನಾಲ್ಕೂ ಮೂಲೆ ಹಿಚುಕಿ ನೋಡಿದೆ. ಬೆರಳಿಗೆ ಬೆರಳೇ ಸಿಕ್ಕಿತು.

ಆ ಭಾನುವಾರ ಅದನ್ನು ಹಿಡಿದು ಸಾವಂತ್ರವ್ವನ ಮನೆಗೆ ಹೋದೆ. ಒಂದು ಮೂಲೆ ನಾನೇ ಬಿಚ್ಚಿ ಇಟ್ಟುಕೊಂಡಿದ್ದೆ. ಜೇಬಿನಲ್ಲಿ ಜೋಳ ಇತ್ತು.

"ಅಕ್ಕಾ, ಇದರ ಹೊಟ್ಟಿ ತುಂಬಸು. ಇದನ್ನ ಎಲ್ಲಿಗೂ ಕಳಸಂಗಿಲ್ಲ. ನಾನ ಹೊದ್ದಕೊಳ್ತೀನಿ."

ಅವಳು ಕನ್ನಡಕ ಹಾಕಿಕೊಂಡು ಹೊಲಿಗೆಯ ಮೇಲೆ ಉಗುರು ಎಳೆದು ನೋಡಿದಳು. ಹಿಂದೆ ತಿರುವಿದಳು, ಮುಂದೆ ತಿರುವಿದಳು. ಆಮೇಲೆ ನನ್ನ ಕೈಯಿಂದ ಜೋಳ ತೆಗೆದುಕೊಂಡು, ಬಾಗಿಲ ಹೊರಗಿನ ಪಾರಿವಾಳಗಳಿಗೆ ಚೆಲ್ಲಿದಳು.

"ಇದು ಕೌದಿ ಅಲ್ಲೋ ಗುರಪ್ಪಾ. ಚಾದರ. ಚಾದರಕ್ಕ ಹಸಿವು ಇರಂಗಿಲ್ಲ. ಚಾ ಕುಡದು ಹೋಗು."

ಚಹಾ ಕುಡಿದು ಬಂದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಯೆರವಡಾದಲ್ಲಿ ಒಂದು ಖೋಲಿ. ಠಸೆಗಳಿಂದ ತುಂಬಿದ ಮೂರು ಪಾಸ್‌ಪೋರ್ಟು. ಕಟ್ಟಲು ಬಳಸುತ್ತಿದ್ದ ಒಂದು ದಬ್ಬಣ. ಒಂದು ಪುಡಿಕೆ ಉಪ್ಪು, ಗಡ್ಡೆ ಕಟ್ಟಿದ್ದು. ಒಂದು ಚಾದರ. ಮತ್ತೆ ಅವ್ವ ಹೆಗಲಿಗೆ ಹಾಕಿ ಕಳಿಸಿದ ಕೌದಿ ಒಂದು. ಅಂಚು ಹರಿದಿದೆ, ಬಣ್ಣ ಹೋಗಿದೆ. ಒಂದು ಮೂಲೆ ಹಿಚುಕಿದರೆ ಇನ್ನೂ ಗರಗರ ಅನ್ನುತ್ತದೆ. ಒಳಗೆ ಎಷ್ಟು ಕಾಳು ಅದಾವೋ, ಬಿಚ್ಚಿ ನೋಡಿಲ್ಲ.